ಪರೀಕ್ಷೆಗೆ ಹೋದವನ ಮಧ್ಯಾಹ್ನದ ಊಟ

ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋಗುವ ನಮ್ಮ ಭಾಗದ ವಿದ್ಯಾರ್ಥಿಗೆ ಯಾವ ಪುಸ್ತಕ ಓದಬೇಕೆಂದು ಹೇಳುವವರು ಹತ್ತು ಮಂದಿ ಸಿಗುತ್ತಾರೆ. ಅಲ್ಲಿ ಮಧ್ಯಾಹ್ನ ಎಲ್ಲಿ ಉಣ್ಣಬೇಕೆಂದು ಹೇಳುವವರು ಒಬ್ಬರೂ ಇಲ್ಲ. ಇದೇನು ಮಹಾ ವಿಷಯವೆಂದು ವಾಚಕರು ನಗಬಹುದು. ಕಳೆದ ವರ್ಷ ಹಸಿದ ಹೊಟ್ಟೆಯಲ್ಲಿ ಪ್ರಶ್ನೆಪತ್ರಿಕೆಯ ಮುಂದೆ ಕೂರುವವರೆಗೆ ನಾನೂ ನಗುತ್ತಿದ್ದೆ.

ಪಿ.ಯು.ಸಿ. ಅರ್ಹತೆಯ ಒಂದು ಹುದ್ದೆಗೆ ಅರ್ಜಿ ಹಾಕಿದ್ದೆ. ಸಿಂಧನೂರಿನಲ್ಲಿ ರಾತ್ರಿ ಬಸ್ಸು ಹತ್ತುವಾಗ ಅವ್ವ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬೆಳಗಿಗೇ ತೀರಿತು. ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಇನ್ನೊಂದು, ನಡುವೆ ಎರಡು ತಾಸು ಬಿಡುವು. ಎದುರಿನ ಹೋಟೆಲೊಂದಕ್ಕೆ ಹೋಗಿ ಕುಳಿತೆ. ಮಾಣಿ ಬಂದು, ಬಾಟಲಿ ನೀರೋ ಸಾದಾ ನೀರೋ ಎಂದು ಕೇಳಿದ. ದರಪಟ್ಟಿ ನೋಡಿದೆ: ಊಟಕ್ಕೆ 220 ರೂಪಾಯಿ. ಹಿಂದಿರುಗುವ ಬಸ್ಸಿನ ಹಣ ತೆಗೆದಿಟ್ಟರೆ ಕಿಸೆಯಲ್ಲಿ ಅಷ್ಟು ಉಳಿಯುತ್ತಿರಲಿಲ್ಲ. ಹೊರಗೆ ಯಾರೋ ಕರೆದಂತೆ ನಟಿಸಿ ಎದ್ದು ಬಂದೆ. ಆ ನಟನೆಯನ್ನು ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮಾಡಿದ್ದರೆ ಬಹುಮಾನ ಬರುತ್ತಿತ್ತು.

ರಸ್ತೆಯ ತಿರುವಿನಲ್ಲೇ ಇಂದಿರಾ ಕ್ಯಾಂಟೀನ್ ಇತ್ತು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇವು ಆರಂಭವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಎಂದು ಗೊತ್ತುಮಾಡಿದ್ದನ್ನು ನಾನು ಬಲ್ಲೆ. ಆದರೆ ಸಾಲಿನಲ್ಲಿ ಸಿಮೆಂಟು ಮೆತ್ತಿದ ಬಟ್ಟೆಯ ಕೂಲಿಕಾರರಿದ್ದರು; ಎದುರು ಬದಿಯಲ್ಲಿ ನನ್ನೊಡನೆ ಪರೀಕ್ಷೆ ಬರೆದ ಹುಡುಗರಿದ್ದರು. ಮನೆತನದಲ್ಲಿ ಮೊದಲು ಪದವಿ ಪಡೆಯಲಿರುವವನು ಅಲ್ಲಿ ನಿಲ್ಲುವುದೆ? ಬನ್ನು, ಚಹಾ ಮುಗಿಸಿ ಒಳಗೆ ಹೋದೆ. ಮೂರೂವರೆಗೆ ಅಕ್ಷರಗಳು ಕಣ್ಣಮುಂದೆ ಕದಲತೊಡಗಿದವು. ಹದಿನೆಂಟು ಪ್ರಶ್ನೆಗಳನ್ನು ಬಿಟ್ಟು ಬಂದೆ. ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ನನ್ನ ಅಪ್ಪ ಪರರ ಹೊಲದಲ್ಲಿ ದುಡಿಯುವವನು. ಆ ಸಾಲಿನಲ್ಲಿದ್ದವರೆಲ್ಲ ಅವನಂಥವರೇ. ಹಾಗಾದರೆ ನಾನು ನಾಚಿದ್ದು ಯಾರಿಗೆ? ಮನೆಮನೆಗೆ ಹೋಗಿ ವಾರಾನ್ನ ಉಂಡು ಓದಿದ ಹಿರಿಯರನ್ನು ನಾವು ಭಾಷಣಗಳಲ್ಲಿ ಕೊಂಡಾಡುತ್ತೇವೆ. ಸಿದ್ಧಗಂಗೆಯಲ್ಲಿ ಉಂಡು ಬೆಳೆದವರು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ದುಡ್ಡು ಕೊಟ್ಟು ಉಣ್ಣುವ ನಮಗೆ ಮಾತ್ರ ಸಂಕೋಚ!

ಈ ವರ್ಷ ಮತ್ತೊಂದು ಪರೀಕ್ಷೆಗೆ ಹೋದಾಗ ಸಾಲಿನಲ್ಲಿ ನಿಂತೆ. ಮುಂದಿದ್ದವರೊಬ್ಬರು ನನ್ನ ಮಾತು ಕೇಳಿ ತಿರುಗಿದರು.

“ಯಾವೂರು ತಮ್ಮಾ?”

“ಸಿಂಧನೂರ್ರೀ ಅಣ್ಣಾ.”

“ನಮ್ದು ಮಸ್ಕಿ ಕಡೀದು. ಪರೀಕ್ಷಾ ಐತೇನು? ನೀ ಮುಂದ ಬಾ, ಅನ್ನ ತೀರತೈತಿ.”

ಅನ್ನ ನಿಜಕ್ಕೂ ತೀರುತ್ತದೆ. ತಡವಾಗಿ ಹೋದವರಿಗೆ ಬರಿಗೈಯೇ ಗತಿ. ಕ್ಯಾಂಟೀನಿನ ಈ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಅಂದು ಅನ್ನ, ಸಾಂಬಾರು ಬಿಸಿಯಾಗಿದ್ದವು. ಭತ್ತದ ನಾಡಿನಿಂದ ಹೋದ ನನಗೆ ಅಕ್ಕಿ ಅಷ್ಟೇನೂ ಹಿಡಿಸಲಿಲ್ಲ, ಆದರೆ ಹೊಟ್ಟೆ ತುಂಬಿತು.

ಬೇರೆ ದಾರಿಗಳೂ ಇವೆ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಮೊದಲಾದ, ನಿಂತು ತಿನ್ನುವ ದರ್ಶಿನಿಗಳು ಈಗ ಓಣಿ ಓಣಿಗೂ ಉಂಟು. ದರ ಹಣ ಕಟ್ಟುವಲ್ಲೇ ಬರೆದಿರುವುದರಿಂದ ಎದ್ದು ಓಡುವ ಪ್ರಸಂಗವಿಲ್ಲ. ಮೆಜೆಸ್ಟಿಕ್ ಸುತ್ತಲಿನ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಪಲ್ಯ ಸಿಗುತ್ತದೆ. ಮನೆಯ ನೆನಪಾದವರು ಅಲ್ಲಿಗೆ ಹೋಗಲಿ, ಕಿಸೆಯನ್ನು ಒಮ್ಮೆ ಮುಟ್ಟಿನೋಡಿಕೊಂಡು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಹೆಸರು ಕೇಳಿ ನಾನು ಹಿಗ್ಗಿದ್ದೆ. 1943ರಷ್ಟು ಹಳೆಯದಾದರೂ ಅದು ದೋಸೆಯ ಮನೆ, ಊಟದ್ದಲ್ಲ.

ನನ್ನ ಅಭಿಪ್ರಾಯವಿಷ್ಟೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಿಂದ ಪ್ರತಿ ವರ್ಷ ಎಷ್ಟೋ ಮಂದಿ ಬೆಂಗಳೂರಿಗೆ ಹೋಗಿಬರುತ್ತೇವೆ. ಪ್ರತಿಯೊಬ್ಬನೂ ಹೊಸದಾಗಿ ಹಸಿಯುತ್ತಾನೆ. ನಮ್ಮ ಗ್ರಂಥಾಲಯದಲ್ಲಿ ಒಂದು ನೋಟುಬುಕ್ಕು ಇರಲಿ. ಹೋಗಿಬಂದವರು ಯಾವ ಬಡಾವಣೆ, ಯಾವ ಅಂಗಡಿ, ಎಷ್ಟು ರೂಪಾಯಿ, ಯಾವ ತಾರೀಖು ಎಂದು ಬರೆಯಲಿ. ಹೆಣ್ಣುಮಕ್ಕಳ ಕಷ್ಟ ನಮಗಿಂತ ಹೆಚ್ಚಿನದು. ನೂಕುನುಗ್ಗಲಿಲ್ಲದೆ ಕುಳಿತು ಉಣ್ಣುವ ಸ್ಥಳ ಯಾವುದೆಂದು ಅವರೇ ಬರೆಯಬೇಕು. ಬೆಂಗಳೂರಿನಲ್ಲಿ ಓದಿ ಬಂದ ಗುರುಗಳೂ ತಮ್ಮ ಹಳೆಯ ಜಾಗಗಳನ್ನು ತಿಳಿಸಿದರೆ ಉಪಕಾರವಾದೀತು, ಇಂದಿನ ದರ ನಾವು ನೋಡಿಕೊಳ್ಳುತ್ತೇವೆ.

ಗ್ರಂಥಪಾಲಕರು ಒಪ್ಪಿದರೆ ನೂರು ಪುಟದ ನೋಟುಬುಕ್ಕನ್ನು ನಾನೇ ತಂದಿಡುವೆನು. ಮೊದಲ ಪುಟದಲ್ಲಿ ಮಸ್ಕಿಯ ಅಣ್ಣನ ಮಾತಿರುತ್ತದೆ: ಒಂದು ಗಂಟೆಯೊಳಗೆ ಹೋಗಿರಿ, ಅನ್ನ ತೀರುತ್ತದೆ.