ಸೂರು ಸಿಕ್ಕರೆ ಸಾಲದು, ತಂಪೂ ಇರಬೇಕು

ಪರಿಸರಸ್ನೇಹಿ ಮನೆ ಎಂದೊಡನೆ ಸೌರಫಲಕ, ಎರಡು ಪದರದ ಗಾಜಿನ ಕಿಟಕಿ, ಬಾಲ್ಕನಿಯ ಹಸಿರು, ಇವೆಲ್ಲಕ್ಕೂ ಮೊಹರು ಒತ್ತುವ ಒಂದು ಪ್ರಮಾಣಪತ್ರ ಕಣ್ಣ ಮುಂದೆ ಬರುತ್ತವೆ. ಬೀದರ್ ಜಿಲ್ಲೆಯ ಮಟ್ಟಿಗೆ ಪ್ರಶ್ನೆ ಇದಕ್ಕಿಂತ ಸರಳ, ಇದಕ್ಕಿಂತ ತುರ್ತಿನದು: ಹಗಲು 40 ಡಿಗ್ರಿ ಮುಟ್ಟುವ ಮೇ ತಿಂಗಳಲ್ಲಿ ರಾತ್ರಿ ಮನೆಯೊಳಗೆ ಮಲಗಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಕೊಡುವುದು ಗೋಡೆಗಿಂತ ಹೆಚ್ಚಾಗಿ ಛಾವಣಿ. ಒಂದಂತಸ್ತಿನ ಸಣ್ಣ ಮನೆಗೆ ಬೇಸಿಗೆಯ ಬಿಸಿಲು ನೆತ್ತಿಯ ಮೇಲಿಂದಲೇ ಬೀಳುತ್ತದೆ. ಒಳಕ್ಕೆ ಇಳಿಯುವ ಶಾಖದ ದೊಡ್ಡ ಪಾಲು ಅಲ್ಲಿಂದಲೇ. ಆದ್ದರಿಂದ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಮನೆಯೊಂದು ಪರಿಸರಕ್ಕೆ ಒಗ್ಗುವಂಥದ್ದೇ ಎಂಬುದನ್ನು ಮೊದಲು ಅದರ ಛಾವಣಿಯಿಂದ ಅಳೆಯಬೇಕು. ಸರ್ಕಾರದ ವಸತಿ ಯೋಜನೆಗಳೂ ಹಾಗೆಯೇ ಅಳೆದು ಹಣ ಕೊಡಬೇಕು.

ಈ ಸೀಮೆಯ ಹಳೆಯ ಮನೆ ಎಂದರೆ ಮಣ್ಣಿನ ಮಾಳಿಗೆ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ತೊಲೆ, ಅದರ ಮೇಲೆ ಜಂತೆ, ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ನಡುವೆ ಬೆಳಕಿಂಡಿ, ಮುಂದೆ ಪಡಸಾಲೆ, ನೆಲಕ್ಕೆ ಶಹಾಬಾದ್ ಫರಸಿ. ಇದರ ಗುಟ್ಟು ನಿಧಾನದಲ್ಲಿದೆ. ಅಷ್ಟು ದಪ್ಪದ ಮಣ್ಣನ್ನು ದಾಟಿ ಮಧ್ಯಾಹ್ನದ ಶಾಖ ಒಳಗೆ ತಲುಪಲು ಹತ್ತು ಗಂಟೆಯಷ್ಟಾದರೂ ಬೇಕು. ಅಷ್ಟರಲ್ಲಿ ಹೊರಗೆ ರಾತ್ರಿಯ ಗಾಳಿ ತಣ್ಣಗಾಗಿರುತ್ತದೆ. ಕರಾವಳಿಯ ಸೆಕೆಗೆ ಈ ಉಪಾಯ ನಡೆಯದು. ಹಗಲಿಗೂ ಇರುಳಿಗೂ ಅಂತರ ದೊಡ್ಡದಿರುವ ಬೀದರಿನ ಒಣಹವೆಗೆ ಹೇಳಿ ಮಾಡಿಸಿದ್ದು. ಇದರ ಜಾಗಕ್ಕೆ ಬಂದದ್ದು ಎರಡು. ಒಂದು, ಕೈ ಖಾಲಿಯಿದ್ದವರ ಪತ್ರಾಸ್: ತಗಡಿಗೆ ದಪ್ಪವೇ ಇಲ್ಲ, ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕೆಳಗಿನ ಕೋಣೆ ಕಾಯುತ್ತದೆ. ಇನ್ನೊಂದು, ಸ್ವಲ್ಪ ಅನುಕೂಲಸ್ಥರ ಆರ್‌ಸಿಸಿ ಸ್ಲ್ಯಾಬ್: ನಾಲ್ಕೈದು ಇಂಚಿನ ಕಾಂಕ್ರೀಟ್ ಹಗಲೆಲ್ಲ ಕಾದು, ಜನ ಮನೆಗೆ ಮರಳುವ ಸಂಜೆಯ ಹೊತ್ತಿಗೆ ಸರಿಯಾಗಿ ಆ ಬಿಸಿಯನ್ನು ಕೆಳಗೆ ಬಿಡಲು ಶುರುಮಾಡುತ್ತದೆ. ಫ್ಯಾನು ತಿರುಗಿಸುವುದು ಕಾದ ಹೆಂಚಿನ ಕೆಳಗಿನ ಗಾಳಿಯನ್ನೇ.

ಬಿಸಿ ನಾಡಿನ ಬಡವರ ಮನೆಗೆ ದಾರಿ ಹುಡುಕಿದವರು ಜಗತ್ತಿನಲ್ಲಿ ಇದ್ದಾರೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಫ್ರಾನ್ಸಿಸ್ ಕೆರೆ ಅವರಿಗೆ 2022ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ತಮ್ಮ ಹುಟ್ಟೂರು ಗಾಂಡೊದಲ್ಲಿ ಅವರು 2001ರಲ್ಲಿ ಕಟ್ಟಿದ ಶಾಲೆಯಲ್ಲಿ ತಗಡೂ ಇದೆ. ಆದರೆ ಅದು ತರಗತಿಯ ತಲೆಯ ಮೇಲೆ ನೇರವಾಗಿ ಕೂತಿಲ್ಲ. ಮಣ್ಣಿನ ಇಟ್ಟಿಗೆಯ ಒಳಚಾವಣಿ ಒಂದು. ಅದರಿಂದ ಸಾಕಷ್ಟು ಎತ್ತರದಲ್ಲಿ, ಸಣ್ಣ ಕಬ್ಬಿಣದ ಸಲಾಕೆಗಳ ಆಧಾರದ ಮೇಲೆ ಚಾಚಿದ ತಗಡು ಇನ್ನೊಂದು. ನಡುವಿನ ತೆರಪಿನಲ್ಲಿ ಗಾಳಿ ಆಡುತ್ತದೆ, ತಗಡಿನ ಬಿಸಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಅದೇ ದೇಶದ ಕುದುಗು ಪಟ್ಟಣದಲ್ಲಿ ಅವರು ಕಟ್ಟಿದ ಪ್ರೌಢಶಾಲೆಯ ಗೋಡೆಗಳು ಅಲ್ಲೇ ಕಡಿದ ಜಂಬಿಟ್ಟಿಗೆಯವು, ಅಂದರೆ ಬೀದರ್ ಕೋಟೆಯಲ್ಲಿ ಕಾಣುವ ಜಾತಿಯದೇ ಕಲ್ಲು. ಜರ್ಮನಿಯಲ್ಲಿ 1990ರ ದಶಕದಿಂದ ಬೆಳೆದ, ಗಾಳಿಯಾಡದಂತೆ ಮುಚ್ಚಿ ಶಾಖ ಉಳಿಸುವ ಮನೆಯ ಮಾದರಿ ಚಳಿಯ ದೇಶಕ್ಕೆ ಸರಿ. ನಮಗೆ ಪಾಠ ಸಿಗುವುದು ಗಾಂಡೊದಂಥ ಊರಿನಿಂದ. ಇನ್ನೂ ಹತ್ತಿರದ ಉದಾಹರಣೆ ಬೀದರಿನ ಗಡಿಯಾಚೆಗೇ ಇದೆ. ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ತಂದಿತು. ಬಿಳಿ ಲೇಪ ಅಥವಾ ಬಿಳಿ ಹಂಚಿನ ಚೂರು ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ತಿರುಗಿಸುತ್ತದೆ. ಒಳಗಿನ ತಾಪ ಸಾಮಾನ್ಯವಾಗಿ ಎರಡರಿಂದ ಐದು ಡಿಗ್ರಿಯಷ್ಟು ತಗ್ಗುತ್ತದೆ. ಆದರೆ ಅಲ್ಲಿ ಖಾಸಗಿ ವಾಸದ ಮನೆಗಳ ಪೈಕಿ ಇದು ಕಡ್ಡಾಯವಾಗಿರುವುದು 600 ಚದರ ಗಜ ಹಾಗೂ ಅದಕ್ಕೂ ದೊಡ್ಡ ನಿವೇಶನಗಳಿಗೆ. ಹೆಚ್ಚು ಬೇಯುವ ಸಣ್ಣ ಮನೆಗೆ ಅದು ಅವರವರ ಇಷ್ಟ. ಕರ್ನಾಟಕ ನೀತಿ ಮಾಡುವುದಾದರೆ ಈ ಕ್ರಮವನ್ನು ತಿರುಗಿಸಿ ಕೆಳಗಿನಿಂದ ಹೊರಡಬೇಕು.

ಹಾಗೆಂದು ಜಿಲ್ಲೆಗೆಲ್ಲ ಒಂದೇ ನಕ್ಷೆ ಹೊಂದುವುದಿಲ್ಲ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ನೆಲದಲ್ಲಿ ಮೆದುವಾಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಸುಡಬೇಕಿಲ್ಲ, ದೂರದಿಂದ ತರಬೇಕಿಲ್ಲ. ಬಹಮನಿ ಸುಲ್ತಾನ ಅಹ್ಮದ್ ಷಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಕೋಟೆಯ ಮೂರು ಸಾಲಿನ ಕಂದಕವನ್ನು ಇದೇ ಬಂಡೆಯಲ್ಲಿ ಕಡಿಯಲಾಯಿತು. ಇರಾನಿನ ಗೀಲಾನ್‌ನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಮುಗಿಸಿದ ಮದರಸಾದ ವಿಶಾಲ ಅಂಗಳ, ಅದರ ಸುತ್ತಲಿನ ಕೋಣೆಗಳು ಗಾಳಿ-ಬೆಳಕಿನ ಲೆಕ್ಕ ಹಾಕಿ ಕಟ್ಟಿದವು. ಆದರೆ ಕಲ್ಲು ಸಿಗುತ್ತದೆಂದು ಕಂಡಲ್ಲಿ ಕಡಿಯುವುದು ಪರಿಸರಸ್ನೇಹವಲ್ಲ. ಮಳೆನೀರು ಇಂಗುವುದು ಈ ಕಲ್ಲಿನೊಳಕ್ಕೇ. ಕೆಳಗಿನ ಕರಿಬಂಡೆ ತಡೆದಾಗ ಅದು ಝರಣಿ ನರಸಿಂಹ, ಗುರುನಾನಕ್ ಝೀರಾಗಳಲ್ಲಿ ಬುಗ್ಗೆಯಾಗಿ ಹೊಮ್ಮುತ್ತದೆ. ನೌಬಾದಿನ ಕರೇಜ್ ಎಂಬ ಸುರಂಗ ಕಾಲುವೆ ನಡೆದದ್ದೂ ಇದೇ ನೀರನ್ನು ನಂಬಿ. ಕ್ವಾರಿಗೆ ಅನುಮತಿ ಕೊಡುವಾಗ ಜಲಮೂಲದ ಗಡಿ ಗುರುತಿಸುವುದು ಅದಕ್ಕಾಗಿಯೇ ಅಗತ್ಯ. ಭಾಲ್ಕಿ, ಔರಾದ್‌ಗಳ ಎರೆಭೂಮಿಯ ಕಥೆ ಬೇರೆ. ಕರಿಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಗುರ ತಳಪಾಯ ಹಾಕಿದರೆ ಗೋಡೆ ಸೀಳುತ್ತದೆ, ಅದರಿಂದ ಇಟ್ಟಿಗೆ ಒತ್ತುವುದೂ ಕಷ್ಟ. ಅಲ್ಲಿ ಮುರುಮಿನ ಭರ್ತಿಯ ಮೇಲೆ ಆಳದ ತಳಪಾಯ, ಕರಿಕಲ್ಲಿನ ಗೋಡೆ ಬೇಕು. ಗೋಡೆ ಊರಿಗೊಂದು ಬಗೆಯಾಗಲಿ. ಛಾವಣಿ ತಂಪಾಗಿರಬೇಕೆಂಬ ನಿಯಮ ಮಾತ್ರ ಎಲ್ಲೆಡೆಗೂ ಒಂದೇ.

ಹಳೆಯ ಮಾಳಿಗೆಯ ಗುಣ ಹಾಡುವವರಿಗೆ ಈ ಭಾಗದ ಜನ ಒಂದೇ ಹೆಸರು ಹೇಳಿ ಬಾಯಿ ಮುಚ್ಚಿಸಬಲ್ಲರು: ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಭಾಲ್ಕಿ-ಔರಾದ್‌ಗಳ ಗಡಿಗೆ ಹೊಂದಿದ ಲಾತೂರು ಜಿಲ್ಲೆಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥ ಮನೆಗಳ ಅಡಿಯಲ್ಲೇ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಕೊಂದದ್ದೇನು ಎಂಬುದನ್ನು ಆಮೇಲಿನ ಪರಿಶೀಲನೆಗಳು ಬಿಡಿಸಿ ತೋರಿಸಿವೆ. ಎರಡು ಮುಖದ ಗೋಡೆಯನ್ನು ಬೆಸೆಯುವ ಅಡ್ಡಗಲ್ಲು ಇರಲಿಲ್ಲ, ಉಂಡೆಗಲ್ಲುಗಳ ನಡುವೆ ಬರೀ ಮಣ್ಣಿನ ಗಾರೆ, ಸುತ್ತ ಬಿಗಿಹಿಡಿಯುವ ಪಟ್ಟಿಯಿಲ್ಲ. ಮೇಲೆ ವರ್ಷ ವರ್ಷ ಹೊಸ ಮಣ್ಣು ಹರವಿ ಹರವಿ ಎರಡಡಿಯವರೆಗೆ ಏರಿದ ಭಾರ. ಮರದ ಕಂಬಗಳ ಮೇಲೆ ಛಾವಣಿ ಹೊತ್ತ ಮನೆಗಳು ಗೋಡೆ ಉದುರಿದರೂ ಎಷ್ಟೋ ಕಡೆ ನಿಂತವು. ಉಳಿದ ಮನೆಗಳ ದುರಸ್ತಿಗೆ ಹೇಳಿದ ಮಾರ್ಗವೂ ಇದೇ: ಗೋಡೆಯಲ್ಲಿ ತೂತು ಕೊರೆದು ಸಲಾಕೆ-ಕಾಂಕ್ರೀಟ್ ತುಂಬಿ ಬೆಸೆಯುವುದು, ಮಾಳಿಗೆಯ ಮಣ್ಣು ಇಳಿಸುವುದು. ಆದ್ದರಿಂದ ಇಂದು ಬೇಕಿರುವುದು ಹಳೆಯ ಮಾಳಿಗೆಯಲ್ಲ, ಅದು ಮಾಡುತ್ತಿದ್ದ ಕೆಲಸ. ಗಟ್ಟಿ ಗಾರೆ, ಲಿಂಟಲ್ ಮಟ್ಟದಲ್ಲಿ ಕಾಂಕ್ರೀಟ್ ಬೆಲ್ಟ್, ಮೇಲೆ ಹಗುರವಾದರೂ ಶಾಖ ತಡೆಯುವ ಛಾವಣಿ. ಕಾಂಕ್ರೀಟಿನ ನಡುವೆ ಮಂಗಳೂರು ಹಂಚು ಕೂರಿಸಿ ಹಾಕುವ ಫಿಲ್ಲರ್ ಸ್ಲ್ಯಾಬನ್ನು ಕೇರಳದಲ್ಲಿ ಲಾರಿ ಬೇಕರ್ ದಶಕಗಳ ಹಿಂದೆಯೇ ಬಳಕೆಗೆ ತಂದರು. ಅದರಲ್ಲಿ ಸಿಮೆಂಟೂ ಉಳಿಯುತ್ತದೆ, ಬಿಸಿಯೂ ತಗ್ಗುತ್ತದೆ. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 8ರಷ್ಟು ಸಿಮೆಂಟಿನಿಂದಲೇ ಬರುತ್ತಿರುವಾಗ, ಪಕ್ಕದ ಸೇಡಂ, ವಾಡಿಗಳಲ್ಲಿ ಕಾರ್ಖಾನೆ ಇದ್ದ ಮಾತ್ರಕ್ಕೆ ಅದನ್ನು ಧಾರಾಳವಾಗಿ ಸುರಿಯಬೇಕಿಲ್ಲ.

ಇನ್ನೊಂದು ಆಕ್ಷೇಪ ಮರ್ಯಾದೆಯದು. ಸ್ಲ್ಯಾಬ್ ಹಾಕಿಸಿದರೆ ಪಕ್ಕಾ ಮನೆ; ಹೆಣ್ಣು ಕೊಡುವವರೂ ಅದನ್ನೇ ನೋಡುತ್ತಾರೆ. ಸೋರದ, ಹಾವು-ಚೇಳಿಗೆ ಎಡೆ ಕೊಡದ, ವರ್ಷಕ್ಕೊಮ್ಮೆ ಮಣ್ಣು ಬೇಡದ ಸೂರಿಗಾಗಿ ಆಸೆಪಡುವವರಿಗೆ ಪರಂಪರೆಯ ಉಪದೇಶ ಮಾಡುವುದು ಸಲ್ಲದು. ಆದರೆ ತಂಪು ಛಾವಣಿಗೆ ಸ್ಲ್ಯಾಬ್ ಬಿಡಬೇಕಿಲ್ಲ. ಸ್ಲ್ಯಾಬಿನ ಮೇಲೆ ಬಿಳಿ ಹಂಚಿನ ಚೂರು, ಅದೂ ಆಗದಿದ್ದರೆ ಬೇಸಿಗೆಗೆ ಮುನ್ನ ಸುಣ್ಣದ ಲೇಪ, ಪತ್ರಾಸಿನ ಕೆಳಗೆ ಒಂದು ಒಳಚಾವಣಿ, ಎದುರುಬದುರು ಕಿಟಕಿ, ಅದಕ್ಕೆ ಸಜ್ಜಾ: ಇವಾವುದಕ್ಕೂ ಹೊರಗಿನ ತಜ್ಞ ಬೇಕಿಲ್ಲ, ಊರಿನ ಗೌಂಡಿಯೇ ಸಾಕು. ಬಿಳಿ ಬಣ್ಣ ಧೂಳು ಹಿಡಿದು ಮಾಸುತ್ತದೆ ಎಂಬ ಮಾತು ನಿಜ. ತೊಳೆಯುವುದು, ಮತ್ತೆ ಬಳಿಯುವುದು ಮಾಳಿಗೆಗೆ ಮಣ್ಣು ಹೊತ್ತ ಶ್ರಮದ ಮುಂದೆ ದೊಡ್ಡದಲ್ಲ. ಎಸಿ ಇದೆಯಲ್ಲ ಎನ್ನುವವರು ನೆನಪಿಡಬೇಕಾದದ್ದು ಇಷ್ಟೆ: ಅದು ಒಳಗಿನ ಬಿಸಿಯನ್ನು ಓಣಿಗೆ, ಅಂದರೆ ಎಸಿ ಇಲ್ಲದ ನೆರೆಮನೆಗೆ ದೂಡುತ್ತದೆ.

ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಬಯಲುಸೀಮೆಯ ಮನೆಗೆ ನಿಗದಿ ಮಾಡಿದ ನೆರವು 1.20 ಲಕ್ಷ ರೂಪಾಯಿ, ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಕಂತು ಬಿಡುಗಡೆಯಾಗುವುದು ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತವಾಗಿ, ಜಿಪಿಎಸ್ ಫೋಟೊ ನೋಡಿ. ಫೋಟೊದಲ್ಲಿ ಛಾವಣಿ ಇದೆಯೇ ಎಂಬುದು ಕಾಣುತ್ತದೆ. ಅದರ ಕೆಳಗೆ ಮನುಷ್ಯರು ಮೇ ತಿಂಗಳು ಕಳೆಯಬಲ್ಲರೇ ಎಂಬುದು ಕಾಣುವುದಿಲ್ಲ. ಜಿಲ್ಲಾ ಪಂಚಾಯಿತಿ ಮತ್ತು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಮೂರು ಕೆಲಸ ಮಾಡಬಹುದು. ಛಾವಣಿಯ ಕಂತಿಗೆ ಶಾಖ ತಡೆಯುವ ಒಂದು ಪದರವನ್ನು ಷರತ್ತಾಗಿಸಿ, ಅದರ ಖರ್ಚನ್ನು ಮೇಲಾಗಿ ಕೊಡುವುದು. ಜಂಬಿಟ್ಟಿಗೆಯ ನೆಲಕ್ಕೆ ಒಂದು, ಎರೆಭೂಮಿಗೆ ಒಂದು ನಕ್ಷೆ ಒದಗಿಸುವುದು. ಫಿಲ್ಲರ್ ಸ್ಲ್ಯಾಬ್, ಬೆಲ್ಟ್ ಹಾಕುವುದರಲ್ಲಿ ತಾಲ್ಲೂಕಿನ ಗೌಂಡಿಗಳಿಗೆ ತರಬೇತಿ ಕೊಡುವುದು. ಅಂಗನವಾಡಿ, ಶಾಲೆಗಳ ಛಾವಣಿಯಿಂದಲೇ ಇದನ್ನು ಆರಂಭಿಸಿದರೆ ಜನ ಕಣ್ಣಾರೆ ಕಂಡು ಒಪ್ಪುತ್ತಾರೆ. ಕಟ್ಟಿದ ಮನೆಗಳ ಸಂಖ್ಯೆಯನ್ನು ಸಾಧನೆಯೆಂದು ಹೇಳಿಕೊಳ್ಳುವ ಸರ್ಕಾರಗಳು ಇನ್ನು ಮುಂದೆ ಆ ಮನೆಗಳ ಒಳಗಿನ ತಾಪಕ್ಕೂ ಲೆಕ್ಕ ಕೊಡಬೇಕು.