ಕಟ್ಟಡಕ್ಕೆ ಗಣಿಯ ಹಣವಿದೆ, ಶುಶ್ರೂಷಕಿಗೆ ಯಾರಿದ್ದಾರೆ?

2021ರ ಮೇ ತಿಂಗಳನ್ನು ಈ ಸೀಮೆಯ ಜನರು ಸುಲಭವಾಗಿ ಮರೆಯಲಾರರು. ಕೊರೋನಾದ ಎರಡನೇ ಅಲೆಯಲ್ಲಿ ಆಮ್ಲಜನಕಕ್ಕಾಗಿ ದೇಶವಿಡೀ ಹಾಹಾಕಾರವೆದ್ದಿತ್ತು. ಆಗ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನೇ ನೆಚ್ಚಿಕೊಂಡು ಸಾವಿರ ಹಾಸಿಗೆಗಳ ಗುರಿಯ ತಾತ್ಕಾಲಿಕ ಆಸ್ಪತ್ರೆಯೊಂದು ಕೆಲವೇ ವಾರಗಳಲ್ಲಿ ತಲೆಯೆತ್ತಿತು. ಮಂಚ ಬಂತು, ಹಾಸಿಗೆ ಬಂತು, ಕೊಳವೆಯೂ ಬಂತು. ಆದರೆ ಶುಶ್ರೂಷಕಿಯರನ್ನು ವಾರಗಳಲ್ಲಿ ತಯಾರಿಸಿ ಕೊಡುವ ಕಾರ್ಖಾನೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ನರ್ಸಿಂಗ್ ಡಿಪ್ಲೊಮಾಕ್ಕೆ ಮೂರು ವರ್ಷ ಬೇಕು, ಬಿ.ಎಸ್ಸಿ. ನರ್ಸಿಂಗ್‌ಗೆ ನಾಲ್ಕು ವರ್ಷ ಬೇಕು. ವಾರ್ಡಿನಲ್ಲಿ ಪಳಗಿ ನುರಿತವಳಾಗಲು ಇನ್ನಷ್ಟು ವರ್ಷಗಳು ಬೇಕು. ಹೀಗೆ ತಯಾರಾದವಳು ಕೆಲಸ ಬಿಟ್ಟು ಹೋದರೆ ಆ ನಷ್ಟವನ್ನು ಯಾವ ಟೆಂಡರ್‌ನಿಂದಲೂ ತುಂಬಲಾಗದು.

ಅದೇ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಹೊಸಪೇಟೆ ಕೇಂದ್ರವಾಯಿತು. ಸಂಡೂರು ಮತ್ತು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಗಡಿಯೇನೋ ಬದಲಾಯಿತು, ರೋಗಿಯ ದಾರಿ ಬದಲಾಗಲಿಲ್ಲ. ಕಂಪ್ಲಿಯ ಗರ್ಭಿಣಿಯೂ ಸಂಡೂರಿನ ಗಣಿ ಕಾರ್ಮಿಕನೂ ಕಷ್ಟ ಬಂದಾಗ ಹೊಸಪೇಟೆಗೋ ಬಳ್ಳಾರಿಗೋ ಧಾವಿಸಬೇಕು. ಈ ಎಲ್ಲ ಊರುಗಳಲ್ಲೂ ರಾಜಕಾರಣಿಗಳ ಭಾಷಣಗಳಲ್ಲಿ ಹಾಸಿಗೆಗಳ ಸಂಖ್ಯೆ ಕೇಳಿ ಬರುತ್ತದೆ, ಹೊಸ ಕಟ್ಟಡದ ವೆಚ್ಚ ಕೇಳಿ ಬರುತ್ತದೆ. ಆದರೆ ಕಳೆದ ವರ್ಷ ಕೆಲಸಕ್ಕೆ ಸೇರಿದ ಶುಶ್ರೂಷಕಿಯರ ಪೈಕಿ ಈ ವರ್ಷ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಪ್ರಶ್ನೆಯನ್ನು ನಾವು ಯಾವ ವೇದಿಕೆಯಲ್ಲೂ ಕೇಳಿದ್ದಿಲ್ಲ.

ಈಚೆಗೆ ಈ ಭಾಗದ ಆಸ್ಪತ್ರೆಯೊಂದರಲ್ಲಿ ಬಂಧುವೊಬ್ಬರ ಬಳಿ ನಾವು ಒಂದು ರಾತ್ರಿ ಕಳೆಯಬೇಕಾಯಿತು. ಎರಡು ವಾರ್ಡುಗಳಿಗೆ ಒಬ್ಬರೇ ಸಿಸ್ಟರ್. ಒಂದೆಡೆ ಡ್ರಿಪ್ ಮುಗಿಯುತ್ತಿದೆ, ಇನ್ನೊಂದೆಡೆ ಮಗುವಿಗೆ ಜ್ವರ ಏರಿದೆ. ಮೇಜಿನ ಮೇಲೆ ತುಂಬಬೇಕಾದ ರಿಜಿಸ್ಟರ್‌ಗಳ ರಾಶಿಯಿದೆ. ಬಾಗಿಲಲ್ಲಿ ರೋಗಿಯ ಕಡೆಯವರು ಜಗಳಕ್ಕೆ ನಿಂತಿದ್ದಾರೆ. ಬೆಳಗಿನ ಜಾವ ತುಸು ಬಿಡುವಾದಾಗ, ಈ ಕೆಲಸ ಬಿಡಬೇಕೆಂದಿದ್ದೇನೆ ಎಂದರು. ಸಂಬಳ ಸಾಲದೇ ಎಂದು ಕೇಳಿದೆವು. “ಸಂಬಳದ ಮಾತು ಬಿಡ್ರಿ ಸಾರ್. ರಜೆ ಕೇಳಿದ್ರೆ ‘ಬದಲಿ ಯಾರದಾರ’ ಅಂತಾರೆ. ಬದಲಿ ಕೊಡೋರು ಯಾರು ಅಂತ ನಾವು ಯಾರನ್ನ ಕೇಳಬೇಕು?” ಎಂದರು. ಎರಡು ತಿಂಗಳ ಬಳಿಕ ಅವರು ಬೆಂಗಳೂರಿಗೆ ಹೋದರೆಂದು ತಿಳಿಯಿತು.

ಆ ಪ್ರಶ್ನೆಯಲ್ಲಿ ಇಡೀ ಸಮಸ್ಯೆಯ ಸಾರವಿದೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಶುಶ್ರೂಷಕಿ ಇರಬೇಕು ಮತ್ತು ರಜೆಯ ಬದಲಿಗಾಗಿ ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಇದು ಶುಶ್ರೂಷಕಿಯ ಸುಖಕ್ಕಾಗಿ ಮಾಡಿದ ನಿಯಮವೆಂದು ಯಾರೂ ಭಾವಿಸಬಾರದು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆಂದು ಅದು ತೋರಿಸಿತು. ಶುಶ್ರೂಷಕಿ ದಣಿದು ಬೇಸತ್ತು ಹೋಗುವ ಸಂಭವವಂತೂ ಶೇ. 23ರಷ್ಟು ಏರುತ್ತದೆ. ಒಬ್ಬಳು ಬಿಟ್ಟು ಹೋದರೆ ಆಕೆಯ ಹೊರೆ ಉಳಿದವಳ ಹೆಗಲಿಗೆ ಬೀಳುತ್ತದೆ. ಆ ಹೊರೆ ತಾಳಲಾರದೆ ಅವಳೂ ಹೊರಡುತ್ತಾಳೆ.

ವೇತನದ ಪ್ರಶ್ನೆ ಮುಖ್ಯವಲ್ಲವೆಂದು ನಾವು ಹೇಳುತ್ತಿಲ್ಲ. ಖಾಸಗಿ ಆಸ್ಪತ್ರೆಗಳ ಶುಶ್ರೂಷಕಿಯರ ಸ್ಥಿತಿಗತಿಗಾಗಿ ತಜ್ಞರ ಸಮಿತಿ ರಚಿಸಬೇಕೆಂದು ಸುಪ್ರೀಮ್ ಕೋರ್ಟು 2016ರ ಜನವರಿಯಲ್ಲಿ ಆದೇಶಿಸಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರಕಾರಿ ವೇತನಕ್ಕೆ ಸಮನಾಗಿ ಕೊಡಬೇಕು ಎಂದು ಸಮಿತಿ ಶಿಫಾರಸು ಮಾಡಿತು. ನಮ್ಮ ಊರಿನ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ವಿಚಾರಿಸಿ ನೋಡಿ. ಆ ಶಿಫಾರಸು ಎಷ್ಟರ ಮಟ್ಟಿಗೆ ಊರು ತಲಪಿದೆ ಎಂಬುದು ತಿಳಿದೀತು. ಸರಕಾರಿ ವಲಯದಲ್ಲಿಯೂ ಖಾಯಂ ಶುಶ್ರೂಷಕಿ ಮತ್ತು ಗುತ್ತಿಗೆಯ ಶುಶ್ರೂಷಕಿ ಒಂದೇ ವಾರ್ಡಿನಲ್ಲಿ ಒಂದೇ ಕೆಲಸ ಮಾಡುತ್ತಾರೆ. ಸಂಬಳ ಮಾತ್ರ ಬೇರೆ ಬೇರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಸೇವೆ ಖಾಯಂಗೊಳಿಸಬೇಕೆಂದು 2023ರಲ್ಲಿ ರಾಜ್ಯದಲ್ಲಿ ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ.

ಆದರೆ ಹಣವೊಂದೇ ಉತ್ತರವಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಶುಶ್ರೂಷಕಿಯರ ತೀವ್ರ ಅಭಾವವಿತ್ತು. ಅದರ ನಡುವೆಯೂ ಕೆಲವು ಆಸ್ಪತ್ರೆಗಳನ್ನು ಬಿಟ್ಟು ಯಾರೂ ಹೋಗುತ್ತಿರಲಿಲ್ಲ. ಏಕೆಂದು ತಿಳಿಯಲು ಅಲ್ಲಿನ ನರ್ಸಿಂಗ್ ಅಕಾಡೆಮಿಯು 163 ಆಸ್ಪತ್ರೆಗಳನ್ನು ಪರಿಶೀಲಿಸಿ 41ನ್ನು ಆರಿಸಿತು. 1983ರಲ್ಲಿ ಬಂದ ವರದಿಯು ಅವನ್ನು ಅಯಸ್ಕಾಂತದಂತೆ ಸೆಳೆಯುವ ಆಸ್ಪತ್ರೆಗಳೆಂದು ಕರೆಯಿತು. ಅಲ್ಲಿ ಮುಖ್ಯ ಶುಶ್ರೂಷಕಿಗೆ ಆಡಳಿತದ ಮೇಜಿನಲ್ಲಿ ಸ್ಥಾನವಿತ್ತು. ಆಕೆ ವಾರ್ಡಿನಲ್ಲಿ ಕಾಣಸಿಗುತ್ತಿದ್ದಳು, ಸಿಬ್ಬಂದಿಯ ಮಾತು ಕೇಳುತ್ತಿದ್ದಳು. ರೋಗಿಯ ಆರೈಕೆಯಲ್ಲಿ ಶುಶ್ರೂಷಕಿಯ ತೀರ್ಮಾನಕ್ಕೆ ಬೆಲೆಯಿತ್ತು.

ನಮ್ಮಲ್ಲಿ? ಹುದ್ದೆಗೆ ಈಗ ‘ಶುಶ್ರೂಷಾಧಿಕಾರಿ’ ಎಂಬ ಗೌರವದ ಹೆಸರು ಬಂದಿದೆ, ಸಂತೋಷ. ಅಧಿಕಾರ ಮಾತ್ರ ಬರಲಿಲ್ಲ. ಹತ್ತಾರು ವರ್ಷ ದುಡಿದು ನಿವೃತ್ತಿಯ ಹೊಸ್ತಿಲಲ್ಲಿ ಅಧೀಕ್ಷಕಿಯಾಗುವವರು ಡ್ಯೂಟಿ ಪಟ್ಟಿ ಬರೆಯಬಹುದು, ಆದರೆ ಆ ಪಟ್ಟಿಗೆ ಬೇಕಾದ ಜನರನ್ನು ತರಲಾರರು. ನೇಮಕಾತಿ, ಗುತ್ತಿಗೆ ನವೀಕರಣ, ವಸತಿ ಎಲ್ಲವೂ ಬೇರೆಯವರ ಕೈಯಲ್ಲಿದೆ. ಶುಶ್ರೂಷಕಿಯರ ದುಡಿಮೆಯ ಸ್ಥಿತಿ ಮತ್ತು ಬಡ್ತಿಯ ಬಗ್ಗೆ ಸರೋಜಿನಿ ವರದಪ್ಪನ್ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 1989ರಲ್ಲಿಯೇ ವರದಿ ಕೊಟ್ಟಿತ್ತು. ಆ ವರದಿ ಬಂದ ವರ್ಷ ಹುಟ್ಟಿದ ಮಗು ಇಂದು ಶುಶ್ರೂಷಕಿಯಾಗಿ ಅದೇ ದೂರುಗಳನ್ನು ಹೇಳುತ್ತಿದ್ದಾಳೆ.

ಹಣವಿಲ್ಲ ಎಂಬ ಮಾತನ್ನು ಬೇರೆ ಜಿಲ್ಲೆಗಳಲ್ಲಿ ಒಪ್ಪಬಹುದೇನೋ, ಸಂಡೂರಿನ ಸೀಮೆಯಲ್ಲಿ ಒಪ್ಪಲಾಗದು. ಇಲ್ಲಿನ ಬೆಟ್ಟಗಳಿಂದ ತೆಗೆದ ಅದಿರಿಗಾಗಿ ಗಣಿ ಕಂಪೆನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕೆಂದು 2015ರಲ್ಲಿ ಕಾನೂನಾಯಿತು. ಅದೇ ವರ್ಷದ ಕೇಂದ್ರ ಮಾರ್ಗಸೂಚಿಯಂತೆ ಈ ಹಣದ ಕನಿಷ್ಠ ಶೇ. 60ರಷ್ಟು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕ್ಷೇತ್ರಗಳಿಗೆ ಹೋಗಬೇಕಿತ್ತು. ಆರೋಗ್ಯದ ಬಗ್ಗೆ ಆ ಮಾರ್ಗಸೂಚಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದೆ: ಕಟ್ಟಡ ಕಟ್ಟುವುದಕ್ಕಷ್ಟೇ ಒತ್ತು ಕೊಡಬಾರದು, ಅದು ನಡೆಯಲು ಬೇಕಾದ ಸಿಬ್ಬಂದಿ, ಉಪಕರಣ ಮತ್ತು ಸಾಮಗ್ರಿಯನ್ನೂ ಒದಗಿಸಬೇಕು. ಹೀಗಿರುವಾಗ ಹಣ ಕಲ್ಲು ಸಿಮೆಂಟಿಗೇ ಏಕೆ ಹರಿಯಬೇಕು? ಕಟ್ಟಡಕ್ಕೆ ಉದ್ಘಾಟನೆಯ ಫಲಕ ಹಾಕಬಹುದು, ಶುಶ್ರೂಷಕಿಯ ಸಂಬಳಕ್ಕೆ ಫಲಕ ಹಾಕಲಾಗದು ಎಂಬುದೇ ಕಾರಣವೇ?

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಸರಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಯ ಸಭೆಗಳಲ್ಲಿ ಮುಖ್ಯ ಶುಶ್ರೂಷಕಿಯ ಮಾತಿಗೆ ಅಧಿಕಾರದ ಬಲ ಬರಲಿ. ರಜೆಯ ಬದಲಿಗಾಗಿ ಮೀಸಲು ಸಿಬ್ಬಂದಿಯನ್ನು ಖನಿಜ ನಿಧಿಯಿಂದ ನೇಮಿಸಲಿ. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ರಸ್ತೆಯಲ್ಲಿ, ಕತ್ತಲಾದ ಮೇಲೆ ಬಸ್ಸು ವಿರಳವಾಗುವ ಕಂಪ್ಲಿಯ ದಾರಿಯಲ್ಲಿ ರಾತ್ರಿ ಪಾಳಿಯ ಹೆಣ್ಣುಮಗಳನ್ನು ಅವಳ ಪಾಡಿಗೆ ಬಿಡದೆ ವಾಹನವನ್ನೂ ಆಸ್ಪತ್ರೆಯ ಬಳಿಯೇ ವಸತಿಯನ್ನೂ ಒದಗಿಸಲಿ. ಹಂಪಿಯ ಉತ್ಸವಕ್ಕೂ ಗಣ್ಯರ ಭೇಟಿಗೂ ಸಿಬ್ಬಂದಿ ಬೇಕಾದಾಗ ವಾರ್ಡು ಬರಿದಾಗದಂತೆ ಮೊದಲೇ ಯೋಜಿಸಲಿ. ಯಾರು ಏಕೆ ಬಿಟ್ಟು ಹೋದರೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಮನೆಗಳನ್ನೂ ಪ್ರಶ್ನಿಸಿಕೊಳ್ಳಬೇಕಾಗಿದೆ. ಮದೀನದಲ್ಲಿ ಗುಡಾರ ಹಾಕಿ ಗಾಯಾಳುಗಳನ್ನು ಉಪಚರಿಸಿದ ಹಝ್ರತ್ ರುಫೈದಾ(ರ)ರ ಹೆಸರನ್ನು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಆದರೆ ಮದುವೆಯ ಮಾತುಕತೆ ಬಂದಾಗ ‘ಹುಡುಗಿ ನೈಟ್ ಡ್ಯೂಟಿ ಬಿಡಬೇಕು’ ಎಂಬುದೇ ಮೊದಲ ಶರತ್ತು. ನಮ್ಮ ತಾಯಿಗೆ ಮಧ್ಯರಾತ್ರಿ ಎದೆನೋವು ಬಂದಾಗ ಮಾತ್ರ ಮಹಿಳಾ ಸಿಸ್ಟರ್ ಬೇಕು, ಆಕೆ ಇನ್ನೊಬ್ಬರ ಮನೆಯ ಮಗಳಾಗಿರಬೇಕು! ಡ್ರಿಪ್ ಬದಲಿಸಲು ಐದು ನಿಮಿಷ ತಡವಾದರೆ ಆಕೆಯ ಮೇಲೆ ಕೂಗಾಡುವವರೂ ನಾವೇ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು 2009ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ. ಆದರೆ ಒಂದು ಒಳ್ಳೆಯ ಮಾತಾಡಲು ಕಾನೂನು ಬೇಕೇ?

2023ರ ಲೆಕ್ಕದಂತೆ ಜಗತ್ತಿನಲ್ಲಿ 58 ಲಕ್ಷ ಶುಶ್ರೂಷಕಿಯರ ಕೊರತೆಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ಕೊಲ್ಲಿ ರಾಷ್ಟ್ರಗಳು ಕರೆಯುತ್ತವೆ, ಯುರೋಪು ಕರೆಯುತ್ತದೆ, ಬೆಂಗಳೂರು ಕರೆಯುತ್ತದೆ. ಹೋಗುವವರನ್ನು ದೂಷಿಸಿ ಪ್ರಯೋಜನವಿಲ್ಲ. ಉಳಿಯಲು ನಾವು ಅವರಿಗೆ ಯಾವ ಕಾರಣ ಕೊಟ್ಟಿದ್ದೇವೆ ಎಂದು ಆಲೋಚಿಸೋಣ. ಮುಂದಿನ ಬಾರಿ ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆಗೆ ಆಹ್ವಾನ ಬಂದಾಗ ಹಾಸಿಗೆ ಎಷ್ಟು ಎಂದು ಕೇಳುವುದರ ಜೊತೆಗೆ, ಆ ಹಾಸಿಗೆಗಳ ಬಳಿ ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರವಿರುತ್ತಾರೆ ಎಂದೂ ಕೇಳೋಣ.