ದೋಣಿ ಹತ್ತಿದ್ದಕ್ಕೂ ಪುಣ್ಯದ ರಸೀದಿ ಬೇಕೆ?

ಕಾಶಿಗೆ ಹೋಗಿ ಬಂದವರನ್ನು ನಮ್ಮ ಕಡೆ ಕೇಳುವ ಪ್ರಶ್ನೆಗಳು ಹೆಚ್ಚೇನಿಲ್ಲ. ವಿಶ್ವನಾಥನ ದರ್ಶನ ಚೆನ್ನಾಗಿ ಆಯಿತೇ? ಗಂಗೆಯಲ್ಲಿ ಎಷ್ಟು ಮುಳುಗು ಹಾಕಿದಿರಿ? ಗಂಗಾಜಲ ತಂದಿರಾ? ಕೊನೆಯದು ಬಹಳ ಮುಖ್ಯವಾದದ್ದು - ಏನು ಬಿಟ್ಟು ಬಂದಿರಿ? ಕಾಶಿಗೆ ಹೋದವರು ಇಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರಬೇಕಲ್ಲ! ಗಂಡಸರು ಹಾಗಲಕಾಯಿ ಬಿಟ್ಟು ಜಾಣತನ ಮೆರೆಯುತ್ತಾರೆ. ಹೆಂಗಸರು ಪಾಪ, ನಿಜವಾಗಿಯೂ ಇಷ್ಟವಾದದ್ದನ್ನೇ ಬಿಟ್ಟು ಬಂದು, ಆಮೇಲೆ ಬದುಕಿಡೀ ಅದನ್ನು ಮನೆಮಂದಿಗೆ ಬೇಯಿಸಿ ಬಡಿಸುತ್ತಾರೆ. ಇರಲಿ. ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆಯನ್ನು ಮಾತ್ರ ಮರೆತೂ ಕೇಳುವುದಿಲ್ಲ: ಅಲ್ಲಿ ಏನು ನೋಡಿದಿರಿ?

ಕಳೆದ ದಸರಾ ರಜೆಯ ಕೊನೆಯಲ್ಲಿ ನಾವು ಆರು ಮಂದಿ ಹೆಂಗಸರು ಕಾಶಿಗೆ ಹೋಗಿದ್ದೆವು. ಐವರು ಇನ್ನೂ ಪಾಠ ಹೇಳುತ್ತಿರುವವರು, ಒಬ್ಬರು ನಿವೃತ್ತರಾದ ಕ್ರಾಫ್ಟ್ ಮೇಡಂ. ಅಲ್ಲಿ ಒಂದು ಬೆಳಿಗ್ಗೆ ನಮಗೇ ಎಂದು ಒಂದು ಇಡೀ ದೋಣಿ ಗೊತ್ತುಮಾಡಿಕೊಂಡು, ಅಸ್ಸಿ ಘಾಟಿನಿಂದ ಪಂಚಗಂಗಾ ಘಾಟಿನವರೆಗೆ ಎರಡು ಗಂಟೆ ತೇಲಿದೆವು. ಊರಿಗೆ ಬಂದು ಇದನ್ನು ಹೇಳಿದ್ದೇ ತಡ, ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟರು, "ಓಹೋ, ಜಾಲಿ ರೈಡ್!" ಎಂದರು. ನೆಂಟರ ಪೈಕಿ ಹಿರಿಯರೊಬ್ಬರು, "ಗಂಗಮ್ಮನ ಮೇಲೆ ಚೈನಿಗೆ ಹೋಗ್ತಾರೇನೇ?" ಎಂದು ಕೆನ್ನೆ ಬಡಿದುಕೊಂಡರು. ಇವರ ಮಾತಿಗೆ ನನಗೆ ಬೇಸರವಿಲ್ಲ. ಬೇಸರವಾದದ್ದು ನಮ್ಮದೇ ಗುಂಪಿನ ಹಿಂದಿ ಮೇಡಂ ಕೊಟ್ಟ ಸಮಜಾಯಿಷಿಗೆ. "ಇಲ್ಲಪ್ಪ, ದೋಣಿಯಿಂದಲೇ ದೀಪ ಬಿಟ್ಟಿವಿ, ಅದೂ ಪುಣ್ಯವೇ ಅಂತೆ" ಎಂದುಬಿಟ್ಟರು. ದೀಪ ಬಿಟ್ಟದ್ದು ನಿಜ. ಆದರೆ ನಾವು ದೋಣಿ ಹತ್ತಿದ್ದು ದೀಪ ಬಿಡುವುದಕ್ಕಲ್ಲವಲ್ಲ! ನೋಡುವುದಕ್ಕೆ ಹತ್ತಿದ್ದು. ಹಾಗೆಂದು ಹೇಳಲು ಐವತ್ತು ದಾಟಿದ, ಸ್ವಂತ ಸಂಬಳದ ಹೆಂಗಸರಿಗೂ ಇಷ್ಟೇಕೆ ಅಂಜಿಕೆ?

ನನ್ನ ಜಗಳ ಇರುವುದು ಈ ಅಂಜಿಕೆಯ ಜೊತೆ. ನಮ್ಮ ತಿರುಗಾಟಕ್ಕೆಲ್ಲ ಒಂದೊಂದು ರಸೀದಿ ಬೇಕು. ತೌರಿಗೆ ಹೋದರೆ ಬಾಣಂತನ, ಪೇಟೆಗೆ ಹೋದರೆ ಮಕ್ಕಳ ಬಟ್ಟೆ, ದೂರ ಹೋದರೆ ದೇವರು. 'ಸುಮ್ಮನೆ ನೋಡಿಕೊಂಡು ಬರೋಣ ಅನ್ನಿಸಿತು, ಹೋದೆ' ಎಂದು ಗಂಡಸು ಹೇಳಿದರೆ ಅವನು ರಸಿಕ. ಅದನ್ನೇ ಹೆಂಗಸು ಹೇಳಿದರೆ ಮನೆಯಲ್ಲಿ ಕೆಲಸವಿಲ್ಲದವಳು.

ನಮಗೆ ದೋಣಿ ಹೊಸದೇನಲ್ಲ. ಸಾಗರದ ಕಡೆಯವರಿಗೆ ಶರಾವತಿ ಹಿನ್ನೀರಿನ ಲಾಂಚ್ ಮನೆಯ ಜಗಲಿಯಷ್ಟೇ ಪರಿಚಯ. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಆಗುವವರೆಗೂ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕಾದೇ ಒಂದು ತಲೆಮಾರಿನ ಹೆಂಗಸರ ಕಾಲು ಸೋತಿವೆ. ಆದರೆ ಅದು ದಾಟುವ ದೋಣಿ. ಆಚೆ ದಡದಲ್ಲಿ ದೇವಸ್ಥಾನವೋ, ಗಂಡನ ಮನೆಯೋ, ಆಸ್ಪತ್ರೆಯಲ್ಲಿ ಮಲಗಿದ ಅತ್ತೆಯೋ ಕಾಯುತ್ತಿರುವಾಗ ನೀರಿನ ಕಡೆ ನೋಡಲು ಪುರಸೊತ್ತೆಲ್ಲಿ? ಕಾಶಿಯಲ್ಲಿ ನಾವು ಹತ್ತಿದ ದೋಣಿ ಎಲ್ಲಿಗೂ ದಾಟಿಸಲಿಲ್ಲ. ದಡದ ಗುಂಟ ಸುಮ್ಮನೆ ಸಾಗಿತು. ಪ್ರಾಯಶಃ ಇದೇ ನಮ್ಮವರ ಕಣ್ಣಿಗೆ ಅಪರಾಧವಾಗಿ ಕಂಡಿರಬೇಕು.

ಈಗ ಒಂದು ಸರಳ ಭೂಗೋಳದ ಪಾಠ ಹೇಳುತ್ತೇನೆ, ಸಮಾಜ ವಿಜ್ಞಾನದ ಟೀಚರ್ ಆದ್ದರಿಂದ ಸಹಿಸಿಕೊಳ್ಳಿ. ಪೂರ್ವಕ್ಕೆ ಹರಿಯುವ ಗಂಗೆ ಕಾಶಿಯಲ್ಲಿ ಉತ್ತರಕ್ಕೆ ತಿರುಗುತ್ತಾಳೆ. ಹಳೆಯ ಊರು ಪೂರ್ತಿ ಕಟ್ಟಿರುವುದು ಪಶ್ಚಿಮದ ಎತ್ತರದ ದಡದ ಮೇಲೆ, ಪೂರ್ವಕ್ಕೆ ಮುಖಮಾಡಿ. ಎದುರಿನ ದಡದಲ್ಲಿ ಬರೀ ಮರಳು, ಬಯಲು. ಹಾಗಾಗಿ ಸೂರ್ಯ ಹುಟ್ಟಿದ ಕೂಡಲೇ ಬೆಳಕು ಯಾವ ಅಡ್ಡಿಯೂ ಇಲ್ಲದೆ ಎಂಬತ್ತನಾಲ್ಕು ಘಾಟುಗಳ ಮೆಟ್ಟಿಲ ಮೇಲೆ ಬಂದು ಬೀಳುತ್ತದೆ. ಊರೊಳಗಿನ ಗಲ್ಲಿಗಳೋ, ಎದುರಿಗೆ ಎಮ್ಮೆ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕಾದಷ್ಟು ಕಿರಿದು. ಅಲ್ಲಿ ಎರಡು ದಿನ ಓಡಾಡಿದರೂ ಊರು ಹೇಗಿದೆ ಎಂದು ಗೊತ್ತಾಗುವುದಿಲ್ಲ, ಮುಂದೆ ಹೋಗುವವರ ಬೆನ್ನು ಮಾತ್ರ ಕಾಣುತ್ತದೆ. ಕಾಶಿಗೆ ಮುಖ ಇರುವುದು ನದಿಯ ಕಡೆಗೆ. ದೋಣಿ ಹತ್ತದೆ ಬಂದವರು ಊರಿನ ಬೆನ್ನು ನೋಡಿ ಬಂದ ಹಾಗೆ. ಇನ್ನು ಇದನ್ನು ಚೈನಿ ಎನ್ನುವುದಾದರೆ ಎನ್ನಲಿ.

ಚೈನಿಯ ಮಾತು ಬಂದಾಗ ನೆನಪಾಯಿತು. 2023ರ ಜನವರಿಯಲ್ಲಿ ಇದೇ ಕಾಶಿಯಿಂದ 'ಗಂಗಾ ವಿಲಾಸ್' ಎಂಬ ಐಷಾರಾಮಿ ಹಡಗು ಹೊರಟಿತು. ಸ್ವಿಟ್ಜರ್ಲೆಂಡಿನ ಪ್ರವಾಸಿಗಳನ್ನು ಹತ್ತಿಸಿಕೊಂಡು 51 ದಿನ, ಸುಮಾರು 3200 ಕಿಲೋಮೀಟರ್, ಬಾಂಗ್ಲಾದೇಶದ ಮೂಲಕ ಅಸ್ಸಾಮಿನ ದಿಬ್ರುಗಢದವರೆಗೆ. ಹೆಸರಿನಲ್ಲೇ ವಿಲಾಸವಿದೆ! ಎಲ್ಲ ಟಿ.ವಿ.ಯಲ್ಲೂ ಅದರ ವೈಭವ ತೋರಿಸಿದರು, ನಮ್ಮ ಗಣಿತದ ಮೇಷ್ಟರೂ ದೇಶ ಮುಂದುವರಿಯುತ್ತಿದೆ ಎಂದು ಹಿಗ್ಗಿದರು. ಪರದೇಶದವರು ಐವತ್ತೊಂದು ದಿನ ನದಿ ನೋಡಿದರೆ ಪ್ರಗತಿ, ಇಲ್ಲಿನ ಆರು ಹೆಂಗಸರು ಎರಡು ಗಂಟೆ ನೋಡಿದರೆ ಜಾಲಿ ರೈಡು. ಇದು ಯಾವ ಲೆಕ್ಕ ಮೇಷ್ಟರೇ?

ಯಾತ್ರೆ ಕರೆದುಕೊಂಡು ಹೋಗುವ ಟೂರಿನವರದ್ದೂ ಇದೇ ಧೋರಣೆ. ನಮ್ಮ ಪಟ್ಟಿಯಲ್ಲಿ ದರ್ಶನಗಳಿಗೆಲ್ಲ ಗಂಟೆ ನಿಮಿಷ ನಮೂದಾಗಿತ್ತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಬೋಟಿಂಗ್, ಸಮಯವಿದ್ದರೆ' ಎಂದಿತ್ತು. ಸಮಯ ಇದ್ದಾಗ ಮಾಡಿಸುವುದೂ ಎಂಥದ್ದು! ನಲವತ್ತು ಜನರನ್ನು ಡೀಸೆಲ್ ಎಂಜಿನ್ನಿನ ಬೋಟಿನಲ್ಲಿ ತುಂಬಿ, ಅದರ ಗಡಗಡ ಸದ್ದಿನ ಮೇಲೆ ಮೈಕಿನಲ್ಲಿ ಕೂಗಿ, ಇಪ್ಪತ್ತು ನಿಮಿಷದಲ್ಲಿ ವಾಪಸು. ಕಿಟಕಿ ಬದಿ ಗಂಡಸರು, ನಡುವಿನಲ್ಲಿ ಚೀಲ ಹಿಡಿದ ಹೆಂಗಸರು. ಇದಕ್ಕೇ ನಾನು ಬೇರೆ ದೋಣಿಯ ಹಟ ಹಿಡಿದದ್ದು. ಎರಡು ಗಂಟೆಗೆ 2000 ರೂಪಾಯಿ ಆಯಿತು. ಆರು ಜನರಿಗೆ ಹಂಚಿದರೆ ಒಂದು ಸಾಧಾರಣ ಬ್ಲೌಸಿನ ಹೊಲಿಗೆ ಕೂಲಿಗೂ ಕಡಿಮೆ.

ಆ ಎರಡು ಗಂಟೆಯಲ್ಲಿ ಕಂಡದ್ದನ್ನೆಲ್ಲ ಬರೆದರೆ ಇನ್ನೊಂದು ಪುಸ್ತಕವಾದೀತು. ಒಂದೆರಡು ಹೇಳುತ್ತೇನೆ. ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಗೋಡೆಯ ಮೇಲೆ ನಮ್ಮ ರಾಜ್ಯದ ಹೆಸರು ಕಂಡಾಗ ಆರೂ ಜನ ಒಟ್ಟಿಗೆ ಕೂಗಿದೆವು, ದೋಣಿಯವನು ಬೆಚ್ಚಿದ. ದಶಾಶ್ವಮೇಧದ ಪಕ್ಕದಲ್ಲಿ ಅಹಲ್ಯಾಬಾಯಿ ಘಾಟ್. ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ವಿಶ್ವನಾಥ ದೇವಾಲಯವನ್ನು ಮತ್ತೆ ಕಟ್ಟಿಸಿದವರು. ಇನ್ನೂ ಮುಂದೆ ಹೋದರೆ ಸಿಂಧಿಯಾ ಘಾಟ್, 1830ರಲ್ಲಿ ಕಟ್ಟಿಸಿದವರು ಗ್ವಾಲಿಯರಿನ ಬೈಜಾಬಾಯಿ. ಕಟ್ಟಡದ ಭಾರಕ್ಕೆ ದಡವೇ ಕುಸಿದು ಆಮೇಲೆ ಪುನಃ ಕಟ್ಟಬೇಕಾಯಿತು. ಇಬ್ಬರೂ ಗಂಡನನ್ನು ಕಳೆದುಕೊಂಡವರು ಎನ್ನುವುದನ್ನು ನೆನಪಿಡಿ. ವಿಧವೆಯಾದವಳು ಮೂಲೆಯಲ್ಲಿ ಕೂರಬೇಕು ಎಂದು ಹೇಳುತ್ತಿದ್ದ ಕಾಲದಲ್ಲಿ ಈ ಹೆಂಗಸರು ಕಾಶಿಯ ಮೆಟ್ಟಿಲು ಕಟ್ಟಿಸಿದರು. ಅವರು ಕಟ್ಟಿಸಿದ್ದನ್ನು ನಾವು ನೋಡಲು ಹೋದದ್ದು ಚೈನಿಯಂತೆ!

ಆ ಎರಡು ಘಾಟುಗಳ ನಡುವೆ ಮಣಿಕರ್ಣಿಕಾ. ಇದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು.

ಕ್ರಾಫ್ಟ್ ಮೇಡಂ ಅವರ ಯಜಮಾನರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅವರ ಪೈಕಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ, ನಮ್ಮಲ್ಲಿ ಅನೇಕರ ಮನೆಯಲ್ಲೂ ಹಾಗೆಯೇ. ಗೇಟಿನವರೆಗೆ ಅಷ್ಟೆ. ಮೂವತ್ತು ವರ್ಷ ಜೊತೆಗಿದ್ದವರನ್ನು ಗೇಟಿನ ಹೊರಗೆ ಯಾರು ಯಾರೋ ಹೊತ್ತುಕೊಂಡು ಹೋದರು, ಮುಂದೇನಾಯಿತು ಎಂದು ಇವರು ಕಾಣಲಿಲ್ಲ. ಆ ಬೆಳಿಗ್ಗೆ ಮಣಿಕರ್ಣಿಕೆಯ ಎದುರು ನಾಲ್ಕೈದು ಚಿತೆಗಳು ಉರಿಯುತ್ತಿದ್ದವು. ನಮ್ಮಲ್ಲೊಬ್ಬರು, "ಬೇಗ ದಾಟಿಸಲು ಹೇಳಿ, ಹೆಂಗಸರು ನೋಡಬಾರದು" ಎಂದರು. ಮೇಡಂ ಕೇಳಲಿಲ್ಲ. ದೋಣಿಯವನಿಗೆ ಕೈಸನ್ನೆ ಮಾಡಿ ನಿಲ್ಲಿಸಿದರು. ಅವನು ಹುಟ್ಟನ್ನು ನೀರಲ್ಲಿ ಊರಿ ಹಿಡಿದು, ತಾನೂ ಮುಖ ಆಚೆ ತಿರುಗಿಸಿ ಕೂತ. ಎಷ್ಟು ಹೊತ್ತೋ, ಹತ್ತು ನಿಮಿಷ ಇರಬಹುದು. ಯಾರೂ ಮಾತಾಡಲಿಲ್ಲ. ಆಮೇಲೆ ಮೇಡಂ ಕನ್ನಡಕ ಒರೆಸಿಕೊಂಡು, "ಇಷ್ಟೇ ಅಲ್ದಾ? ನಾನು ಏನೇನೋ ಅಂದ್ಕೊಂಡು ಇಷ್ಟು ವರ್ಷ ರಾತ್ರಿ ಎದ್ದು ಕೂರ್ತಿದ್ದೆ" ಎಂದರು.

ನಾನು ಪ್ರತಿವರ್ಷ ಮಕ್ಕಳಿಗೆ ಹರಿಶ್ಚಂದ್ರನ ಕಥೆ ಹೇಳುತ್ತೇನೆ. ರಾಘವಾಂಕ ಎಂಟು ನೂರು ವರ್ಷದ ಹಿಂದೆಯೇ ತನ್ನ ಕಾವ್ಯದಲ್ಲಿ ಚಂದ್ರಮತಿಯನ್ನು ಇದೇ ಕಾಶಿಯ ಸ್ಮಶಾನಕ್ಕೆ ನಡುರಾತ್ರಿ ಒಬ್ಬಳನ್ನೇ, ಮಗನ ಹೆಣದ ಜೊತೆ ಕರೆತಂದಿದ್ದಾನೆ. ಆ ಭಾಗ ಓದಿ ಕಣ್ಣೀರು ಹಾಕದ ಕನ್ನಡಿಗರು ಕಡಿಮೆ. ಪುಸ್ತಕದ ಹೆಣ್ಣು ಸ್ಮಶಾನಕ್ಕೆ ಬಂದರೆ ಅಳುವವರು, ಮನೆಯ ಹೆಣ್ಣು ದೂರದ ದೋಣಿಯಿಂದ ನೋಡಿದರೂ ನೋಡಬಾರದಿತ್ತು ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಅವರು ತೀರ್ಮಾನ ಮಾಡಿಕೊಳ್ಳಲಿ.

ನೋಡುವುದೆಂದರೆ ಮೊಬೈಲು ಎತ್ತಿ ಹಿಡಿಯುವುದು ಎಂದು ತಿಳಿದವರಿಗೂ ಇಲ್ಲಿ ನಾಲ್ಕು ಮಾತು ಹೇಳಬೇಕು. ಚಿತೆಗಳ ಫೋಟೋ ತೆಗೆಯಬೇಡಿ ಎಂದು ಅಲ್ಲಿನವರು ಕೈಮುಗಿದು ಕೇಳುತ್ತಾರೆ. ಆದರೂ ಪಕ್ಕದ ಬೋಟಿನಲ್ಲಿ ಒಬ್ಬಾತ, ನಮ್ಮ ಕನ್ನಡದವನೇ, ಉರಿಯುವ ಹೆಣದ ಮುಂದೆ ತನ್ನ ಮುಖವನ್ನಿಟ್ಟು ವಿಡಿಯೋ ಮಾಡುತ್ತಿದ್ದ. ಹೆಂಗಸರು ನೋಡಬಾರದು ಎನ್ನುವ ನಮ್ಮ ಸಮಾಜ ಇವನಿಗೆ ಏನೂ ಹೇಳುವುದಿಲ್ಲ. ಅವನ ವಿಡಿಯೋಕ್ಕೆ ಮನೆಯವರೆಲ್ಲ ಕೈಮುಗಿದ ಗುರುತು ಒತ್ತಿ ಕಳಿಸುತ್ತಾರೆ.

ಭಕ್ತಿಗೂ ನೋಟಕ್ಕೂ ಹೊಂದುವುದಿಲ್ಲ ಎಂದು ಕೆಲವರ ವಾದ. ಇದಕ್ಕೆ ಉತ್ತರ ಕಾಶಿಯಲ್ಲೇ ಇದೆ. ಸಂಕಟಮೋಚನ ದೇವಸ್ಥಾನದ ಮಹಂತರಾಗಿದ್ದ ವೀರಭದ್ರ ಮಿಶ್ರ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಹೌದು. ಗಂಗಾಸ್ನಾನವನ್ನೂ ಬಿಡಲಿಲ್ಲ, ಅದೇ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಎಷ್ಟು ಕೊಳಕಿದೆ ಎಂದು ಲೋಕಕ್ಕೆ ಹೇಳುವುದನ್ನೂ ಬಿಡಲಿಲ್ಲ. 1982ರಲ್ಲಿ ಇದಕ್ಕಾಗಿಯೇ ಸಂಕಟಮೋಚನ ಫೌಂಡೇಶನ್ ಕಟ್ಟಿದರು. ಸರ್ಕಾರದ ಗಂಗಾ ಕ್ರಿಯಾ ಯೋಜನೆ ಶುರುವಾದದ್ದು ಅದಾದ ಮೇಲೆ, 1986ರಲ್ಲಿ. 2013ರಲ್ಲಿ ಅವರು ತೀರಿಕೊಂಡರು. ಕಣ್ಣು ಮುಚ್ಚಿ ಮುಳುಗು ಹಾಕುವವರಿಗೆ ಚರಂಡಿ ಕಾಣುವುದಿಲ್ಲ. ದೋಣಿಯಲ್ಲಿ ಕೂತವರಿಗೆ ಗುಡಿಯೂ ಕಾಣುತ್ತದೆ, ಗುಡಿಯ ಆಚೆ ನೀರಿಗೆ ಬಂದು ಸೇರುವ ಕೊಳಕೂ ಕಾಣುತ್ತದೆ. ಮಹಂತರಿಗೆ ಎರಡೂ ಕಂಡಿತ್ತು, ಅವರ ಭಕ್ತಿಗೆ ಏನೂ ಆಗಲಿಲ್ಲ.

ದೋಣಿಯವನ ಕೂಲಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಮ್ಮ ಹೆಂಗಸರ ಮೇಲೂ ನನಗೆ ಕೋಪವಿದೆ. ಟೂರಿನ ಬಸ್ಸಿನಲ್ಲಿ ಒಬ್ಬಾಕೆ, ಸಾವಿರದ ಐನೂರು ಕೇಳಿದವನನ್ನು ಐನೂರಕ್ಕೆ ಇಳಿಸಿದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ರಾಮನನ್ನು ದಾಟಿಸಿದವನೇ ಕೂಲಿ ಕೇಳಲಿಲ್ಲವಂತೆ, ಇವರದ್ದೇನು ಎಂದರು ಇನ್ನೊಬ್ಬರು. ಅಮ್ಮಾ, ಮೊದಲು ನೀವು ರಾಮನಾಗಿ! ಮಲ್ಲಾಹರೆಂದೂ ನಿಷಾದರೆಂದೂ ಕರೆಸಿಕೊಳ್ಳುವ ಈ ಜನ ತಲೆಮಾರುಗಳಿಂದ ಹುಟ್ಟು ಹಾಕಿ ಬದುಕಿದವರು. ಮಳೆಗಾಲದಲ್ಲಿ ಗಂಗೆ ಉಕ್ಕಿದಾಗ ದೋಣಿ ಬಿಡಲು ಅಪ್ಪಣೆಯೇ ಇರುವುದಿಲ್ಲ. ಆ ತಿಂಗಳುಗಳ ಗಂಜಿಯೂ ನಮ್ಮಂಥವರು ಕೊಡುವ ದುಡ್ಡಿನಲ್ಲೇ ಬರಬೇಕು. ಈಗ ದೊಡ್ಡ ದೊಡ್ಡ ಕ್ರೂಸುಗಳು ಬೇರೆ ಬಂದಿವೆ. ಹೆಚ್ಚು ಕೇಳಿದರೆ ಚೌಕಾಶಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಸೀರೆಯಂಗಡಿಯಲ್ಲಿ ಹೇಳಿದ ಬೆಲೆಗೆ ತಲೆಯಾಡಿಸುವವರು ಹುಟ್ಟು ಹಾಕುವವನ ತೋಳಿನ ಮೇಲೆ ಮಾತ್ರ ಉಳಿತಾಯ ಮಾಡಬೇಡಿ.

ಹೋಗುವ ಮನಸ್ಸಿದ್ದವರಿಗೆ ಇಷ್ಟು ಹೇಳುತ್ತೇನೆ. ನಾಲ್ಕೈದು ಜನ ಒಟ್ಟಾಗಿ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಎಷ್ಟು ಹಣ - ಮೂರನ್ನೂ ದಡದಲ್ಲೇ ಮಾತಾಡಿಕೊಂಡು ಆಮೇಲೆ ಕಾಲಿಡಿ. ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ, ಸೀರೆಯ ಮೇಲೆ ಚೆಂದ ಕಾಣುವುದಿಲ್ಲ ಎಂದು ತೆಗೆದಿಡಬೇಡಿ. ಬೆಳಕು ಹರಿಯುವ ಮೊದಲೇ ಅಸ್ಸಿ ಘಾಟಿನಲ್ಲಿರಬೇಕು. ಡಿಸೆಂಬರ್, ಜನವರಿಯಲ್ಲಾದರೆ ಮಂಜು ಮುಸುಕಿರುತ್ತದೆ, ಸ್ವೆಟರ್ ಬೇಕೇ ಬೇಕು. ವಾಪಸು ಬಂದಾಗ ಏನು ಬಿಟ್ಟು ಬಂದೆ ಎಂದು ಕೇಳುತ್ತಾರೆ. ನಾನು ಏನನ್ನೂ ಬಿಟ್ಟಿಲ್ಲ, ಬದನೆಕಾಯಿಯನ್ನೂ ಈಗಲೂ ತಿನ್ನುತ್ತೇನೆ. ಕ್ರಾಫ್ಟ್ ಮೇಡಂ ಏನು ಬಿಟ್ಟರು ಎಂದು ಅವರ ಸೊಸೆ ಕೇಳಿದಳಂತೆ. ರಾತ್ರಿ ಎದ್ದು ಕೂರುವುದನ್ನು ಬಿಟ್ಟೆ ಕಣೇ ಎಂದರಂತೆ.